ಮುಚ್ಚಳ ತೆಗೆಯುವ ಕೆಲಸ

ರಾಜಾಜಿನಗರದ ರಿಪೇರಿಯವರು ಮೊನ್ನೆ ಅಪ್ಪನ ಕ್ಯಾಮೆರಾ ವಾಪಸ್ ಕೊಡುತ್ತಾ, "ಧೂಳು ಒರೆಸಿದೆ ಅಷ್ಟೆ ಮೇಡಂ, ಇದು ಯಾವತ್ತೂ ಕೆಟ್ಟೇ ಇಲ್ಲ" ಎಂದರು. ಚರ್ಮದ ಕವರಿನಿಂದ ಕೊಬ್ಬರಿ ಎಣ್ಣೆಯ ಹಳೇ ವಾಸನೆ ಬಂತು.

ಆ ಕವರಿಗೆ ಅಪ್ಪ ಭಾನುವಾರ ಎಣ್ಣೆ ಸವರುತ್ತಿದ್ದರು. ಆ ರೇಂಜ್‌ಫೈಂಡರ್ ಕ್ಯಾಮೆರಾ ದಿನಾ ಅವರ ಹೆಗಲೇರಿ ಆಫೀಸಿಗೆ ಹೋಗುತ್ತಿತ್ತು. ಸ್ಕೂಟರಿನಿಂದ ಬಿದ್ದಿತ್ತು, ಹಂಪಿಯ ಬಂಡೆಗೆ ಬಡಿದಿತ್ತು. "ಇದಕ್ಕೇನೂ ಆಗಲ್ಲ ಕಣೇ" ಎನ್ನುತ್ತಿದ್ದರು. ಅದರಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಎಲ್ಲವೂ ಕಾಣುತ್ತದೆ. ಹಾಗಾಗಿ ಮುಚ್ಚಳ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಳ್ಳುವ ಕೆಲಸ ನನ್ನದು.

ಅಮ್ಮನನ್ನು ಆಸ್ಪತ್ರೆಗೆ ಸೇರಿಸುವ ದಿನ ಮಧ್ಯಾಹ್ನ, ಕುರುಬರಹಳ್ಳಿ ಮನೆಯ ತಾರಸಿಯಲ್ಲಿ ಅವಳು ಹಸಿರು ವಾಯಿಲ್ ಸೀರೆಯುಟ್ಟು ನಿಂತಳು. ರೋಲಿನಲ್ಲಿ ಒಂದೇ ಫೋಟೋ ಉಳಿದಿತ್ತು.

"ಬೇಗ ತೆಗೀರಿ, ನಿಂತ್ಕೊಳ್ಳೋಕಾಗ್ತಿಲ್ಲ" ಎಂದಳು.

"ಮುಚ್ಚಳ ತೆಗೆದ್ಯಾ?" ಕಿಂಡಿಯಿಂದ ಕಣ್ಣು ಕೀಳದೆ ಅಪ್ಪ ನನ್ನನ್ನು ಕೇಳಿದರು.

ನನ್ನ ಮುಷ್ಟಿಯಲ್ಲಿ ಅಮ್ಮ ಕೊಟ್ಟ ಕಡಲೆಮಿಠಾಯಿ ಇತ್ತು. ನೋಡದೆಯೇ "ಹೂಂ" ಎಂದೆ.

ಅಪ್ಪ ಕ್ಲಿಕ್ಕಿಸಿದರು. ಕೆಳಗೆ ಆಟೊ ಬಂತು. ಅಪ್ಪ ಕ್ಯಾಮೆರಾವನ್ನು ನನ್ನ ಕೈಗಿತ್ತು ಅಮ್ಮನನ್ನು ಹಿಡಿದುಕೊಂಡು ಮೆಟ್ಟಿಲಿಳಿದರು. ಮುಚ್ಚಳ ಲೆನ್ಸಿನ ಮೇಲೇ ಇತ್ತು. ನಾನು ಹೇಳಲಿಲ್ಲ.

ಅಮ್ಮ ಮನೆಗೆ ಬರಲಿಲ್ಲ. ರೋಲು ತೊಳೆಸಿದಾಗ ಕೊನೆಯದೊಂದು ಬಿಟ್ಟು ಎಲ್ಲ ಫೋಟೋ ಬಂದಿದ್ದವು. "ಅದೊಂದು ಯಾಕೆ ಬರ್ಲಿಲ್ಲ?" ಎಂದು ಅತ್ತೆ ಎಲ್ಲರ ಮುಂದೆ ಕೇಳಿದರು. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಕವರಿನ ಗುಂಡಿ ಒತ್ತಿ, "ಕ್ಯಾಮೆರಾ ಕೆಟ್ಟೋಗಿದೆ ಕಣಕ್ಕ" ಎಂದು ಅದನ್ನು ಬೀರುವಿನೊಳಗಿಟ್ಟರು.