ಬೇಸ್‌ಮೆಂಟಿನ ತೀರ್ಥ

ಲತೀಶ್ ತಿರುಗಿ ನೋಡುವಷ್ಟರಲ್ಲಿ ಅವನ ಅಮ್ಮ ಜಲಜಾಕ್ಷಿ ಬೇಸ್‌ಮೆಂಟಿನ ಮೆಟ್ಟಿಲಿಳಿದು ಬಂದು, ಬಲಗೈ ಕೆಳಗೆ ಸೆರಗು ಹಿಡಿದು, ತೀರ್ಥಕ್ಕೆಂದು ಅಂಗೈ ಚಾಚಿ ನಿಂತಿದ್ದರು. "ಏಲಕ್ಕಿ ಪರಿಮಳ ಮೇಲಿನವರೆಗೆ ಬಂತು ಮಗಾ. ಪೂಜೆಗೆ ಕೂತದ್ದು ಒಂದು ಮಾತು ಹೇಳ್ಲಿಕ್ಕಾಗ್ಲಿಲ್ವಾ? ಅದೆಂತ ಕೈಗೆ ಗ್ಲೌಸು? ಈ ಪರದೇಶದ ಸ್ಕಾರ್‌ಬರೋದಲ್ಲಿ ಮಡಿ ಅಂದ್ರೆ ಹೀಗಾ ಮಾರಾಯ?" ಎಂದು ನಕ್ಕು, ಭಕ್ತಿಯಿಂದ ಕಣ್ಣು ಮುಚ್ಚಿದರು.

ಅವನ ಕೈಯಲ್ಲಿದ್ದದ್ದು ದೇವರ ಕಪಾಟಿನ ಉದ್ಧರಣೆಯೇ ಹೌದು. ಇನ್ನು ಹೊಗೆ ಮುಟ್ಟುವುದಿಲ್ಲವೆಂದು ಆ ಕಪಾಟಿನೆದುರೇ ಅಮ್ಮನಿಗೆ ಮಾತು ಕೊಟ್ಟವನು, ಈಗ ವೇಪಿಗೆ, ಅಂದರೆ ಇ-ಸಿಗರೇಟಿಗೆ, ತುಂಬುವ ದ್ರವವನ್ನು ಮನೆಯಲ್ಲೇ ಬೆರೆಸಲು ಕಲಿಯುತ್ತಿದ್ದ. ಗ್ಲಿಸರಿನ್, ಏಲಕ್ಕಿ ಫ್ಲೇವರು, ಚರ್ಮಕ್ಕೂ ತಾಗಬಾರದ ನಿಕೋಟಿನ್ ಎಲ್ಲವನ್ನೂ ತರಿಸಿ, ಅಳೆಯುವ ಸಿರಿಂಜು ತರಿಸಲು ಮರೆತಿದ್ದ. ಒಂದು ಹನಿಯೂ ಚೆಲ್ಲದ ಚಮಚ ಮನೆಯಲ್ಲಿ ಇದೊಂದೇ ಎಂದು ಸದ್ದಿಲ್ಲದೆ ಎತ್ತಿಕೊಂಡು ಬಂದಿದ್ದ.

ಅಮ್ಮನ ತುಟಿಗಳು ಆಗಲೇ ನಾಮಸ್ಮರಣೆ ಮಾಡುತ್ತಿದ್ದವು. ಏನಾದರೂ ಸುಳ್ಳು ಹೇಳಬಹುದಿತ್ತು. ಆ ಅಂಗೈ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ. "ಬೇಡಮ್ಮ, ಇದು ತೀರ್ಥ ಅಲ್ಲ, ವಿಷ. ನಾನು ಸೇದ್ಲಿಕ್ಕೆ ಮಾಡಿದ್ದು," ಎಂದ. ಕಿವಿಯವರೆಗೂ ಮುಖ ಸುಟ್ಟಂತಾಯಿತು.

ಜಲಜಾಕ್ಷಿ ಕಣ್ಣು ತೆರೆದರು. ಬೈಯಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೆಳೆಯಲೂ ಇಲ್ಲ. "ನಿಂಗೆ ಆಗುವಂಥದ್ದು ನಂಗೆ ಯಾಕೆ ಆಗ್ಲಿಕ್ಕಿಲ್ಲ? ಹಾಕು ಮಗಾ," ಎಂದರು. ಒಂದು ಹನಿಯೂ ಚೆಲ್ಲದ ಆ ಉದ್ಧರಣೆ, ಲತೀಶ್ ಥಟ್ಟನೆ ಹಿಂದಕ್ಕೆಳೆದ ರಭಸಕ್ಕೆ ಅವನ ಗ್ಲೌಸಿನ ಮೇಲೆಲ್ಲ ಚೆಲ್ಲಿತು.