ಚರ್ಚಿನ ನೆಲಮಾಳಿಗೆಯಲ್ಲಿ ಓಟು

ಟ್ರೂಡಿ ತಿರುಗಿ ನೋಡಲಿಲ್ಲ. ನೋಡದಿದ್ದರೂ ಪಾಸ್ಟರ್ ಕೈಪರ್ ತನ್ನ ಕುರ್ಚಿಯ ಹಿಂದೆಯೇ ನಿಂತಿದ್ದಾರೆಂದು ಅವಳಿಗೆ ಗೊತ್ತಿತ್ತು. ಅವರ ಬೂಟಿಗೆ ಮೆತ್ತಿದ್ದ ಹಿಮ ಕರಗಿ ಅವಳ ಕಾಲಿನವರೆಗೂ ಹರಿದು ಬಂದಿತ್ತು.

"ನನಗೆ ಈ ಊರಲ್ಲಿ ಓಟಿಲ್ಲ," ಎಂದರು ಪಾಸ್ಟರ್, ಎಲ್ಲರಿಗೂ ಕೇಳುವಂತೆ. "ನನ್ನ ಮನೆ ಹೊಳೆಯಾಚೆ. ಆದ್ರೆ ದೇವರು ಕಣ್ಣು ಕೊಟ್ಟಿದ್ದಾನೆ. ಸುಮ್ನೆ ನೋಡ್ತಾ ಇರ್ತೀನಿ."

ಯಾರೋ ನಕ್ಕರು. ನಗು ಬೇಗ ನಿಂತಿತು.

ಅಮೆರಿಕದ ಅಯೋವಾದ ಆ ಪುಟ್ಟ ಊರಿನಲ್ಲಿ ರಿಪಬ್ಲಿಕನ್ ಪಕ್ಷದ ಸಭೆ ನಡೆಯುವುದು ಚರ್ಚಿನ ನೆಲಮಾಳಿಗೆಯಲ್ಲೇ. ಅಲ್ಲಿ ಬೇರೆ ಜಾಗವೂ ಇಲ್ಲ, ಹೇಳಿಕೊಳ್ಳುವಂಥ ಬೇರೆ ಪಕ್ಷವೂ ಇಲ್ಲ. ಭಾನುವಾರ ಮೇಲೆ ಪ್ರಾರ್ಥನೆಗೆ ಕೂತವರೇ ಈ ಸೋಮವಾರ ಸಂಜೆ ಕೆಳಗೆ ಕೂತಿದ್ದರು.

ಊರಿನಲ್ಲಿ ಪಕ್ಷವನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದವರು ವಿಲ್ಮಾ ಡೈಕ್‌ಸ್ಟ್ರಾ. ಗಂಡ ಸತ್ತ ಮೇಲೆ ಅದೇ ಅವರ ಸಂಸಾರ. ಪಾಸ್ಟರ್ ಹರಸಿದ ಅಭ್ಯರ್ಥಿಗಳಿಗೆ ಮಾತ್ರ ಪಕ್ಷ ಬೆಂಬಲ ಕೊಡಬೇಕೆಂಬ ನಿರ್ಣಯ ಬಂದಾಗ ಅವರು ಒಪ್ಪಲಿಲ್ಲ. "ಪ್ರಾರ್ಥನೆಗೆ ಮೇಲೆ ಬರ್ತೀನಿ, ಪಕ್ಷಕ್ಕೆ ಕೆಳಗೆ ಬರ್ತೀನಿ. ಮಧ್ಯೆ ಮೆಟ್ಟಿಲಿದೆಯಲ್ಲ, ಇರಲಿ ಬಿಡಿ," ಅಂದುಬಿಟ್ಟರು. ಆ ಭಾನುವಾರ ಪಾಸ್ಟರ್ ಪ್ರವಚನವೆಲ್ಲ ಕೊಳೆತ ಕೊಂಬೆಯನ್ನು ಕಡಿದು ಹಾಕುವುದರ ಮೇಲೆ. ಯಾವ ಕೊಂಬೆಯೆಂದು ಯಾರೂ ಕೇಳಬೇಕಾಗಿರಲಿಲ್ಲ.

ವಿಲ್ಮಾ ಅವರನ್ನು ತೆಗೆಯುವ ನಿರ್ಣಯ ಓದಿದವನು ಗ್ಯಾರೆಟ್ ಪೋಸ್ಟ್ಮಾ. ಚರ್ಚಿನ ಹಿರಿಯ, ಟ್ರೂಡಿಯ ಗಂಡ ಲೈಲ್ ದುಡಿಯುವ ಹಂದಿ ಸಾಕಣೆಯ ಮಾಲೀಕ. ಓದುವಾಗ ಒಮ್ಮೆಯೂ ವಿಲ್ಮಾ ಕಡೆ ಕಣ್ಣೆತ್ತಲಿಲ್ಲ. ಹಾಳೆಯ ಅಂಚು ಅವನ ಮುಷ್ಟಿಯಲ್ಲಿ ಮುದುರಿಹೋಗಿತ್ತು. ಎಂಥ ಸಿಟ್ಟಪ್ಪ ಇವನಿಗೆ, ಅಂದುಕೊಂಡಳು ಟ್ರೂಡಿ.

"ವಿಲ್ಮಾ ಹೋಗ್ಬೇಕು ಅನ್ನೋರು 'ಹೌದು' ಅಂತ ಬರೀರಿ. ಇರಲಿ ಅನ್ನೋರು 'ಇಲ್ಲ' ಅಂತ ಬರೀರಿ," ಎಂದ ಗ್ಯಾರೆಟ್.

"ದೇವರ ಚಿತ್ತ ನಡೀಲಿ," ಎಂದರು ಪಾಸ್ಟರ್.

"ಆಮೆನ್!" ಎಂದರು ಎಲ್ಲರೂ, ಬೇಕಾದ್ದಕ್ಕಿಂತ ಜೋರಾಗಿ.

ಚೀಟಿಗಳು ಬಂದವು. ಟ್ರೂಡಿಗೆ ಬ್ರಿಂಕ್ ದಂಪತಿಯ ನೆನಪಾಯಿತು. ಹೋದ ಚುನಾವಣೆಯಲ್ಲಿ ಅವರು ಅಂಗಳದಲ್ಲಿ ಬೇರೆ ಅಭ್ಯರ್ಥಿಯ ಹೆಸರಿನ ಬೋರ್ಡು ನೆಟ್ಟಿದ್ದರು. ಯಾರೂ ಜಗಳಕ್ಕೆ ಹೋಗಲಿಲ್ಲ. ಪ್ರವಚನದ ನಡುವೆ ಸಾಲಿನಲ್ಲಿ ಕೈಯಿಂದ ಕೈಗೆ ದಾಟುವ ಪೆಪ್ಪರ್‌ಮಿಂಟು ಅವರ ಕೈಗೆ ಬರುವುದು ನಿಂತಿತು, ಅಷ್ಟೆ. ಬೇಸಿಗೆಗೆ ಮುಂಚೆ ಮನೆ ಮಾರಿ ಹೊರಟುಹೋದರು. ಟ್ರೂಡಿಗೆ ಮಾರಲು ಮನೆಯೂ ಇರಲಿಲ್ಲ. ಅವಳಿದ್ದ ಮನೆ ಗ್ಯಾರೆಟ್‌ನದು, ಮಕ್ಕಳ ಶಾಲೆ ಚರ್ಚಿನದು.

ಆದರೂ 'ಇಲ್ಲ' ಎಂದು ಬರೆದೇ ತೀರುತ್ತೇನೆಂದು ಅವಳು ಮನೆಯಿಂದ ಹೊರಟಿದ್ದಳು. ಅವಳ ಮೊದಲ ಮಗು ಉಸಿರಿಲ್ಲದೆ ಹುಟ್ಟಿದಾಗ ಬಂದವರೆಲ್ಲ ಬುದ್ಧಿ ಹೇಳಿ ಹೋಗಿದ್ದರು. ಏನೂ ಹೇಳದೆ ಪಾತ್ರೆ ತೊಳೆದು, ಬೆಳಗಾಗುವವರೆಗೆ ಪಕ್ಕದಲ್ಲಿ ಕೂತವರು ವಿಲ್ಮಾ ಒಬ್ಬರೇ.

ಪೆನ್ಸಿಲು ಕಾಗದಕ್ಕೆ ತಾಗಿತು. ಭಾನುವಾರದ ಶಾಲೆಯಲ್ಲಿ ಊರಿನ ಮಕ್ಕಳಿಗೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸುವವಳು ಅವಳು. ಆ ಗುಂಡು ಅಕ್ಷರ ಯಾರಿಗೆ ಗೊತ್ತಿಲ್ಲ?

ಪಕ್ಕದಲ್ಲಿದ್ದ ಹೆಂಡ್ರಿನಾ ಅಜ್ಜಿ ತನ್ನ ಚೀಟಿಗೆ ಅಂಗೈ ಅಡ್ಡ ಹಿಡಿದಳು. "ಏನೇ, ನನ್ನ ಚೀಟಿ ಇಣುಕಿ ನೋಡ್ತೀಯಾ? ನಿಂದು ನೀನು ಬರಕೊ."

ಮುಂದಿನ ಸಾಲಿನವನು ಕುರ್ಚಿಯನ್ನು ಆಚೆ ಸರಿಸಿಕೊಂಡ. ಎಲ್ಲರಿಗೂ ತನ್ನ ಮೇಲೇ ಅನುಮಾನ. ವಿಲ್ಮಾಗೆ ಬೇಕಾದವಳಲ್ಲವೇ ತಾನು. ಹಿಂದಿನಿಂದ ಬೂಟು ಇನ್ನೊಂದು ಹೆಜ್ಜೆ ಮುಂದೆ ಬಂತು.

ಅವಳು 'ಹೌದು' ಎಂದು ಬರೆದಳು.

ಮಡಚಿ, ಮತ್ತೆ ಮಡಚಿ, ಕಾಣಿಕೆ ತಟ್ಟೆಗೆ ಹಾಕಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಗ್ಯಾರೆಟ್ ಇನ್ನೊಬ್ಬನ ಜೊತೆ ಎಣಿಸಲು ಅಡುಗೆಮನೆಗೆ ಹೋದ. ಮೇಜಿನ ಮೇಲಿದ್ದ ಹ್ಯಾಮ್ ಬನ್ನುಗಳನ್ನು ಯಾರೂ ಮುಟ್ಟಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ವಿಲ್ಮಾ ಎದ್ದು ಬಂದು ಟ್ರೂಡಿಯ ಮತ್ತೊಂದು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ಅವಳ ಕೈ ಹಿಡಿದರು.

"ಅಯ್ಯೋ, ಎಷ್ಟು ತಣ್ಣಗಾಗಿದೆಯೇ ಕೈ!"

"ವಿಲ್ಮಾ, ನಾನು... ನಿಮಗೆ..."

"ಏನೂ ಹೇಳ್ಬೇಡ ಮಗು. ಇವರನ್ನೆಲ್ಲ ಬೈಕೊಂಡು ಏನು ಮಾಡ್ಲಿ? ಪಾಪ, ಹೆದರಿಕೆ. ನನಗೆ ಒಂದು ಓಟು ಬಂದ್ರೆ ಸಾಕು. ಅದು ಯಾರದು ಅಂತ ನಂಗೆ ಗೊತ್ತು."

ಟ್ರೂಡಿ ಕೈ ಬಿಡಿಸಿಕೊಳ್ಳಲು ನೋಡಿದಳು. ವಿಲ್ಮಾ ಇನ್ನೂ ಬಿಗಿಯಾಗಿ ಹಿಡಿದರು.

ಅಡುಗೆಮನೆಯ ಬಾಗಿಲು ತೆರೆಯಿತು. ಗ್ಯಾರೆಟ್‌ನ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತು, ಬೇಗ ಹೇಳಪ್ಪ," ಎಂದರು ಪಾಸ್ಟರ್.

"ಎರಡು ಸಲ ಎಣಿಸಿದ್ವಿ ಪಾಸ್ಟರ್." ಗ್ಯಾರೆಟ್ ತಟ್ಟೆಯನ್ನು ಮೇಜಿನ ಮೇಲಿಟ್ಟ. "'ಹೌದು' ಅಂದಿರೋದು ಒಬ್ರೇ."

ಗ್ಯಾರೆಟ್ ಆ ಸಂಜೆ ಮೊದಲ ಸಲ ವಿಲ್ಮಾ ಮುಖ ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

"ಅದು ನಾನಂತೂ ಅಲ್ಲ," ಎಂದ.

"ನಾನೂ ಅಲ್ಲ," ಎಂದು ಮುಂದಿನ ಸಾಲಿನವನು ಎದ್ದ. ಅವನ ಹೆಂಡತಿ ಎದ್ದಳು. ನಾನಲ್ಲ, ನಾನಲ್ಲ ಎನ್ನುತ್ತ ಒಬ್ಬೊಬ್ಬರಾಗಿ ಏಳತೊಡಗಿದರು. ಕೆಲವರು ನಗುತ್ತಿದ್ದರು, ಕೆಲವರು ಅಳುತ್ತಿದ್ದರು. ಹೆಂಡ್ರಿನಾ ಅಜ್ಜಿ ಕೋಲೂರಿ ಎದ್ದು, "ನಾನಲ್ಲಪ್ಪ, ಆಣೆ!" ಎಂದು ಟ್ರೂಡಿಯ ಕಡೆ ತಿರುಗಿದಳು.

ಮುಂದಿನ ಸರದಿ ಟ್ರೂಡಿಯದು. ಅವಳ ಕೈ ಇನ್ನೂ ವಿಲ್ಮಾ ಅವರ ಕೈಯಲ್ಲೇ ಇತ್ತು.