ತುಳಿಯಬಾರದ ಅಂಗಳ

ನಮ್ಮ ಬೆಳಗಾವಿ ಮನೆಯ ಮುಂದೆ ಹೊಸ ಕಾಂಕ್ರೀಟಿಗೆ ಹೊದಿಸಿದ ಒದ್ದೆ ಗೋಣಿಚೀಲದ ವಾಸನೆ ನನ್ನನ್ನು ನಮ್ಮೂರು ಪಾರಿಶ್ವಾಡದ ಹಳೆಯ ಒಂದು ಮಧ್ಯಾಹ್ನಕ್ಕೆ ಎಳೆಯುತ್ತಿದೆ.

ಎರೆಮಣ್ಣು ಬಾಯಿಬಿಟ್ಟು, ಅಂಗಳದಲ್ಲಿ ಕಾರು ನಿಲ್ಲಿಸುವ ಕಾಂಕ್ರೀಟು ಎರಡು ಸಲ ಸೀಳಿತ್ತು. ಅಪ್ಪ ಅದನ್ನು ಕಿತ್ತು ಹಿಂದಿನ ದಿನವಷ್ಟೇ ಹೊಸದು ಹಾಕಿಸಿದ್ದ. ಬಿಸಿಲಿಗೆ ಬಿರಿಯದಂತೆ ತಾಸಿಗೊಮ್ಮೆ ಗೋಣಿಚೀಲ ತೋಯಿಸುತ್ತ, "ಯಾರೂ ತುಳೀಬ್ಯಾಡ್ರಿ" ಎಂದು ಗದರಿಸುತ್ತಿದ್ದ.

ಅಷ್ಟರಲ್ಲಿ ಅಜ್ಜಿಗೆ ಎದೆನೋವು ಬಂತು. ಕಾರು ಗೇಟಿನ ಹೊರಗಿತ್ತು. ಅಪ್ಪ ಅವಳನ್ನು ಎತ್ತಿಕೊಂಡು ಅಂಗಳ ದಾಟಲು ಬಾಗಿದ.

"ಬ್ಯಾಡೋ, ಅದು ಇನ್ನಾ ಹಸಿ ಐತಿ. ನಾ ಹಿತ್ತಲದಾಗಿಂದ ನಡ್ಕೊಂತ ಬರ್ತೀನಿ" ಎಂದಳು.

ಅಪ್ಪ ಒಂದು ಗಳಿಗೆ ಕಾಂಕ್ರೀಟು ನೋಡಿ, "ಆತು, ಬಾ" ಎಂದ.

ನನ್ನ ಹೆಗಲು ಹಿಡಿದು ಅವಳು ಮನೆ ಸುತ್ತಿ ನಡೆದಳು. ಖಾನಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಸಂಜೆ ನಾಲ್ಕು ಜನ ಅವಳನ್ನು ಹೊತ್ತು ಆ ಕಾಂಕ್ರೀಟಿನ ಮೇಲೆಯೇ ನಡೆದು ಬಂದರು. ಅಪ್ಪ ಯಾರನ್ನೂ ಗದರಿಸಲಿಲ್ಲ.